ಕಾಣಬಾರದ ಕಾಗೆಗಳು

ಮಂಗಳ ಠಾಣೆ, ಲಡಾಖ್
21 ಸೆಪ್ಟೆಂಬರ್ 2025, ಭಾನುವಾರ

ಅತ್ತೆ,

ನೀವು ಕೇಳಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಉಣ್ಣುತ್ತಿದ್ದೇನೆ, ನಿದ್ದೆ ಬರುತ್ತಿದೆ, ಚಳಿಗೆ ಮೂಗು ಬಿದ್ದುಹೋಗಿಲ್ಲ.

ನಿನ್ನೆ ಬೆಳಿಗ್ಗೆ ನಮ್ಮ ಆರು ಜನರನ್ನು ಒಳಗೆ ಬಿಟ್ಟು ಬಾಗಿಲು ಹಾಕಿದರು. ನವೆಂಬರ್ ಮೂರರವರೆಗೆ, ನಲವತ್ತೈದು ದಿನ, ನಾವು ಭೂಮಿಯ ಮೇಲಿಲ್ಲ, ಮಂಗಳ ಗ್ರಹದಲ್ಲಿದ್ದೇವೆ. ನಗಬೇಡಿ. ಮುಂದೊಂದು ದಿನ ಅಲ್ಲಿಗೆ ಹೋಗುವವರು ಅಳತೆಯ ನೀರು, ಅಳತೆಯ ಊಟ ಮತ್ತು ಅವೇ ಆರು ಮುಖಗಳ ಜೊತೆ ಹೇಗೆ ಬದುಕಬೇಕು ಎಂದು ತಿಳಿಯುವುದಕ್ಕೆ ಮರಗಿಡವಿಲ್ಲದ ಈ ಮರಳುಗಾಡಿನಲ್ಲಿ ಬದುಕಿ ನೋಡುತ್ತಿದ್ದೇವೆ. ಹೊರಗೆ ಕಾಲಿಡಬೇಕಾದರೆ ದಪ್ಪ ಉಡುಪು, ಹೆಲ್ಮೆಟ್ಟು. ಫೋನ್ ಇಲ್ಲ. ಲೇಹ್‌ನಲ್ಲಿರುವ ಕಂಟ್ರೋಲ್ ರೂಮಿಗೆ ಏನು ಹೇಳಿದರೂ ಬೇಕೆಂದೇ ಇಪ್ಪತ್ತು ನಿಮಿಷ ತಡವಾಗಿ ತಲುಪಿಸುತ್ತಾರೆ. ಮನೆಯ ಕಾಗದಗಳು ದಿನಕ್ಕೊಂದು ಸಲ ಹೋಗುತ್ತವೆ, ಬರುತ್ತವೆ.

ನೀರಿನ ಲೆಕ್ಕ ಮತ್ತು ಗಿಡಗಳು ನನ್ನ ಪಾಲಿನ ಕೆಲಸ. ಸಂದರ್ಶನದಲ್ಲಿ ಅನುಭವ ಕೇಳಿದಾಗ ಕೃಷಿ ಕಾಲೇಜಿನ ಸರ್ಟಿಫಿಕೇಟಿಗಿಂತ ಮೊದಲು ನಿಮ್ಮ ಹೆಸರು ಹೇಳಿದೆ. "ಕಲ್ಲುಗುಂಡಿಕೊಪ್ಪಲಿನ ವಾಟರ್‌ಮನ್ ಶಿವಗಂಗಮ್ಮ ನನ್ನ ಸೋದರತ್ತೆ. ಹನ್ನೊಂದು ಬೇಸಿಗೆ ರಜೆ, ಬೀದಿಬೀದಿಗೆ ನೀರು ಬಿಡುವ ಅವರ ಕಬ್ಬಿಣದ ವಾಲ್ವ್ ಕೀ ಹೊತ್ತು ತಿರುಗಿದ್ದೇನೆ" ಅಂದೆ. ಅವರೆಲ್ಲ ನಕ್ಕರು. ನಾನು ನಗಲಿಲ್ಲ. ತೆಗೆದುಕೊಂಡರು.

ನಮ್ಮ ಕಮಾಂಡರ್ ಹರ್ಷವರ್ಧನ್ ಮೈಸೂರಿನಲ್ಲಿ ಬೆಳೆದವರು, ಅಜ್ಜನ ಊರು ಹೊಳೆನರಸೀಪುರ. ಒಳ್ಳೆಯ ಮನುಷ್ಯ, ನಿಯಮ ಅಂದರೆ ಪ್ರಾಣ. ಮಂಗಳದಲ್ಲಿ ಇಲ್ಲದ್ದು ನಮ್ಮ ಕಣ್ಣಿಗೆ ಬೀಳಬಾರದು ಎನ್ನುವುದು ಇಲ್ಲಿನ ದೊಡ್ಡ ನಿಯಮ. ನಿನ್ನೆ ಹನ್ನೊಂದು ಗಂಟೆಗೆ ಹಳದಿ ಕೊಕ್ಕಿನ ನಾಲ್ಕು ಕಾಗೆಗಳು ಗಿಡದ ಮನೆಯ ಮೇಲೆ ಹಾರಿ ಹಿಂಬದಿಗೆ ಹೋದವು. ನಾನು "ಅಯ್ಯೋ, ಕಾಗೆ!" ಅಂದೆ. ಹರ್ಷವರ್ಧನ್ ತಲೆಯೆತ್ತದೆ "ಏನೂ ಇಲ್ಲ ದಿವ್ಯಾ, ನೀವೇನೂ ನೋಡಲಿಲ್ಲ" ಅಂದರು. ಇವತ್ತೂ ಅದೇ ಹೊತ್ತಿಗೆ ಬಂದವು. ನೋಡಲಿಲ್ಲ. ಕಲಿಯುತ್ತೇನೆ.

ನೀವು ಕೊಟ್ಟ ರಾಗಿಯನ್ನು ಒಂದು ಟ್ರೇಯಲ್ಲಿ ಚೆಲ್ಲಿದ್ದೇನೆ. ಲಿಂಗಪೂಜೆಗೆ ಎರಡು ಚಮಚ ನೀರು ನನ್ನ ಪಾಲಿನಲ್ಲೇ ಉಳಿಸಿಕೊಳ್ಳುತ್ತೇನೆ.

ನಿಮ್ಮ
ದಿವ್ಯಾ

*

ಕಲ್ಲುಗುಂಡಿಕೊಪ್ಪಲು, ನುಗ್ಗೇಹಳ್ಳಿ ಹೋಬಳಿ
25 ಸೆಪ್ಟೆಂಬರ್ 2025

ಮಗಳೇ ದಿವ್ಯಾ,

ಫೋನಿನಲ್ಲಿ ಅಕ್ಷರ ಒತ್ತುತ್ತಾ ಕೂತರೆ ನನ್ನ ತಲೆ ಕೆಡುತ್ತದೆ. ಹಾಳೆಯಲ್ಲಿ ಬರೆದು ಫೋಟೋ ಹೊಡೆದು ಕಳಿಸುತ್ತಿದ್ದೇನೆ. ಓದಲು ಬಾರದಿದ್ದರೆ ಕನ್ನಡಕ ಹಾಕಿಕೋ.

ಹೊಳೆನರಸೀಪುರದವರ ಕೈಗೆ ನೀರಿನ ಯಜಮಾನಿಕೆ ಕೊಟ್ಟಿದ್ದಾರೆಂದರೆ ನನಗೆ ಅನುಮಾನ. ಮನೆ ಹಿಂದೆಯೇ ಹೇಮಾವತಿ ಹರಿಯುವವರಿಗೆ ಒಂದು ಬಿಂದಿಗೆಯ ತೂಕ ಏನು ಗೊತ್ತು? ಲೆಕ್ಕದ ಪುಸ್ತಕ ನಿನ್ನ ಕೈಯಲ್ಲೇ ಇರಲಿ.

ನಿಮ್ಮಪ್ಪ ಅಂಗಡಿಯಲ್ಲಿ ಎಲ್ಲರಿಗೂ "ಟ್ರೈನಿಂಗಿಗೆ ಹೋಗಿದ್ದಾಳೆ" ಅಂತ ಹೇಳಿ ತಪ್ಪಿಸಿಕೊಳ್ಳುತ್ತಿದ್ದಾನೆ. ನಾನು ಹಾಗಲ್ಲ, ಇದ್ದದ್ದು ಇದ್ದ ಹಾಗೆ ಹೇಳಿದೆ. ನಮ್ಮ ಪಂಚಾಯ್ತಿ ಮೆಂಬರ್ ಪರಮೇಶ್ ನಕ್ಕಿದ್ದೇ ನಕ್ಕಿದ್ದು. "ಅಲ್ಲ ಕಣಕ್ಕ, ಅಷ್ಟು ಓದ್ಕಂಡು ಸುಳ್ಳು ಮಂಗಳಕ್ಕೆ ಓಗಿ ಕುಂತವ್ಳಲ್ಲ, ಇದ್ಯಾವ ಸೀಮೆ ಕೆಲ್ಸ?" ಅಂದ. "ನಿಮ್ ಪಂಚಾಯ್ತಿ ಗೋಡೆ ಮ್ಯಾಲಿರೋ ಬೋರ್ಡಿಗಿಂತ ಸುಳ್ಳಲ್ಲ ಬುಡಪ್ಪ" ಅಂದೆ. ಈ ಗ್ರಾಮದ ಎಲ್ಲ ಮನೆಗೂ ನಲ್ಲಿ ನೀರು ಎಂದು ನೀಲಿ ಬಣ್ಣದಲ್ಲಿ ಬರೆಸಿದ್ದಾರಲ್ಲ, ಅದು. ಅದಿರಲಿ.

ಬೆಳಿಗ್ಗೆ ಎದ್ದು ಹಳೇ ನೀರು ತೆಗೆದು ಹೊಸ ನೀರು ತುಂಬಿಕೊಳ್ಳುತ್ತೀಯೋ ಇಲ್ಲವೋ? ಎಲ್ಲಿದ್ದರೂ ತಂಗಳು ನೀರು ಕುಡಿಯಬೇಡ. ಚೆಲ್ಲಲೂ ಬೇಡ. ಗಿಡದ ಬುಡಕ್ಕೆ ಹಾಕು.

ಇಲ್ಲಿ ಎಲ್ಲ ಸರಿಯಾಗಿದೆ.

ನಿನ್ನ ಅತ್ತೆ
ಶಿವಗಂಗಮ್ಮ

*

ಮಂಗಳ ಠಾಣೆ
5 ಅಕ್ಟೋಬರ್ 2025

ಅತ್ತೆ,

ದಿನಕ್ಕೊಂದು ಬಿಂದಿಗೆ ನೀರು ಕಾಣೆಯಾಗುತ್ತಿದೆ.

ಎರಡು ವಾರದ ಲೆಕ್ಕವನ್ನು ಮೂರು ಸಲ ಕೂಡಿದೆ. ಕುಡಿದದ್ದು, ಬೇಯಿಸಿದ್ದು, ಗಿಡಕ್ಕೆ ಹಾಕಿದ್ದು, ಶುದ್ಧ ಮಾಡಿ ಮತ್ತೆ ಟ್ಯಾಂಕಿಗೆ ಬಿಟ್ಟದ್ದು, ಎಲ್ಲ ಸೇರಿಸಿದರೂ ದಿನಕ್ಕೆ ಹನ್ನೊಂದು ಲೀಟರ್ ಕಡಿಮೆ ಬೀಳುತ್ತದೆ. ಟ್ಯಾಂಕಿನೊಳಗಿನ ಅಳತೆಯೂ ಅದನ್ನೇ ಹೇಳುತ್ತದೆ. ಹೀಗೇ ಹೋದರೆ ಕೊನೆಯ ವಾರ ಗಿಡಗಳಿಗೆ ನೀರಿಲ್ಲ, ಅದಕ್ಕಿಂತ ಮೊದಲು ನಮಗೆ ಸ್ನಾನವಿಲ್ಲ. ಸ್ನಾನ ಅಂದರೆ ಒದ್ದೆ ಬಟ್ಟೆ, ಅಷ್ಟೇ. ಅದೂ ಇಲ್ಲ.

ಕಾರಣ ಗೊತ್ತಿಲ್ಲದ ಸೋರಿಕೆಯಾದರೆ ಪ್ರಯೋಗವನ್ನೇ ನಿಲ್ಲಿಸಬೇಕು ಎನ್ನುವುದು ನಿಯಮ. ಆರೂ ಜನರ ಇಷ್ಟು ದಿನದ ದುಡಿಮೆ ನೀರಿಗೆ ಬಿದ್ದ ಹಾಗೆ. ಅದಕ್ಕೇ ಊಟದ ಹೊತ್ತಿನಲ್ಲಿ ಯಾರೂ ಜೋರಾಗಿ ಮಾತಾಡುತ್ತಿಲ್ಲ. ನಮ್ಮ ಜೊತೆಗಿರುವ ಡಾಕ್ಟರ್ ನಿಧಿ ಮಾತ್ರ "ಲೆಕ್ಕ ಇನ್ನೊಮ್ಮೆ ನೋಡಿ ದಿವ್ಯಾ" ಅಂತಾರೆ, ದಿನಾ.

ನೀವಾಗಿದ್ದರೆ ಎಲ್ಲಿಂದ ಶುರುಮಾಡುತ್ತಿದ್ದಿರಿ?

ದಿವ್ಯಾ

*

ಕಲ್ಲುಗುಂಡಿಕೊಪ್ಪಲು
8 ಅಕ್ಟೋಬರ್ 2025

ದಿವ್ಯಾ,

ಮೊದಲು ಎಲ್ಲ ವಾಲ್ವೂ ಮುಚ್ಚು. ಟ್ಯಾಂಕಿನಲ್ಲಿ ಗುರುತು ಹಾಕು. ಒಂದು ಗಂಟೆ ಬಿಟ್ಟು ನೋಡು. ಆಮೇಲೆ ಒಂದೊಂದೇ ತೆಗಿ, ಪ್ರತಿ ಸಲವೂ ಗುರುತು ನೋಡು. ಅವಸರ ಮಾಡಿದರೆ ಸಿಗುವುದಿಲ್ಲ.

ಎರಡನೆಯದು, ಕಿವಿ. ಒಣಗಿದ ಕೋಲಿನ ಒಂದು ತುದಿಯನ್ನು ಪೈಪಿನ ಮೇಲಿಟ್ಟು ಇನ್ನೊಂದನ್ನು ಕಿವಿಗೆ ಒತ್ತಿ ಹಿಡಿ. ಸೋರುವ ನೀರು ಸುಮ್ಮನಿರುವುದಿಲ್ಲ, ಸಣ್ಣಗೆ ಗೊಣಗುತ್ತದೆ. ನಿಮ್ಮ ಮಾವ ಇದ್ದಾಗ ನನಗೆ ಕಲಿಸಿದ್ದು ಅದೊಂದೇ ಒಳ್ಳೆಯ ವಿದ್ಯೆ.

ಇವೆರಡಕ್ಕಿಂತ ದೊಡ್ಡದು ಮೂರನೆಯದು. ಹಸಿರು ಎಲ್ಲಿದೆ ನೋಡು, ಕಾಗೆ ಎಲ್ಲಿ ಇಳಿಯುತ್ತದೆ ನೋಡು. ಮೂರು ವರ್ಷದ ಕೆಳಗೆ ದಂಡಿಗನಹಳ್ಳಿ ಕಡೆಯ ರಸ್ತೆಯಲ್ಲಿ ಒಂದು ಜಾಲಿ ಮರದ ಬುಡಕ್ಕೆ ನಾಲ್ಕು ದಿನ ಕಾಗೆ ಇಳಿದವು. ಅಗೆಸಿದೆ. ಒಡೆದ ಪೈಪು ಅಲ್ಲೇ ಇತ್ತು. ಎಂಜಿನಿಯರ್ ಬಂದು "ಏನಮ್ಮಾ, ಕಾಗೆ ಬಂದು ರಿಪೋರ್ಟ್ ಕೊಡ್ತಾ?" ಅಂದರು. "ಊಂ ಸಾ, ನಿಮ್ಗಿಂತ ನಾಕ್ ದಿನ ಮುಂಚೇನೇ ಕೊಡ್ತು" ಅಂದೆ.

ಎರಡನೇ ತಾರೀಕು ಗ್ರಾಮಸಭೆ ಇತ್ತು. ಕಾಲು ನೋವೆಂದು ನಾನು ಹೋಗಲಿಲ್ಲ. ಇಲ್ಲಿ ಎಲ್ಲ ಸರಿಯಾಗಿದೆ.

ಶಿವಗಂಗಮ್ಮ

*

ಮಂಗಳ ಠಾಣೆ
12 ಅಕ್ಟೋಬರ್ 2025

ಅತ್ತೆ,

ಎಲ್ಲ ಮಾಡಿದೆ. ವಾಲ್ವ್ ಮುಚ್ಚಿ ಎಲ್ಲರನ್ನೂ ಒಂದು ಹಗಲು ಬಾಯಾರಿಸಿ ಕೂರಿಸಿದೆ. ಮುಚ್ಚಿದರೂ ಟ್ಯಾಂಕು ಇಳಿಯಿತು, ಆದರೆ ಆ ಗುರುತು ನೋಡಿದ್ದು ನಾನೊಬ್ಬಳೇ, ಯಾರೂ ನಂಬಲಿಲ್ಲ. ಪೊರಕೆಯ ಕೋಲು ಕಿವಿಗಿಟ್ಟುಕೊಂಡು ಒಳಗಿನ ಪೈಪುಗಳ ಮೇಲೆಲ್ಲ ತೆವಳಿದೆ. ಎಲ್ಲವೂ ಮೌನ. ನಿಮ್ಮ ಮೂರನೆಯ ವಿದ್ಯೆ ಈ ಊರಿಗೆ ಹೊಂದುವುದಿಲ್ಲ. ಇಲ್ಲಿ ಹಸಿರೂ ಇಲ್ಲ, ಕಾಗೆಯೂ ಇಲ್ಲ.

ಇನ್ನೊಂದು ಎಡವಟ್ಟಾಗಿದೆ. ಬೆಳಿಗ್ಗೆ ಎದ್ದವಳೇ ಕ್ಯಾನಿನಲ್ಲಿ ಉಳಿದ ಹಳೇ ನೀರನ್ನು ರಾಗಿ, ಮೆಂತ್ಯದ ಟ್ರೇಗೆ ಸುರಿದು ಹೊಸದಾಗಿ ತುಂಬಿಡುತ್ತಿದ್ದೆ. ಯೋಚನೆ ಮಾಡಿ ಮಾಡಿದ್ದಲ್ಲ, ಕೈ ತಾನಾಗಿ ಮಾಡುತ್ತಿತ್ತು. ಒಂದೂವರೆ ಲೀಟರ್ ಇರಬಹುದು. ಅದನ್ನು ಗಿಡದ ಲೆಕ್ಕದಲ್ಲಿ ಬರೆದಿರಲಿಲ್ಲ. ನಿಧಿ ನೋಡಿದ್ದಾರೆ. ಕೇಳಿದಾಗ ನಾನೇ ಒಪ್ಪಿಕೊಂಡೆ. ಎಲ್ಲರಿಗೂ ಒಂದು ಥರ ನೆಮ್ಮದಿಯಾಯಿತು. ಒಂದೂವರೆ ಲೀಟರ್ ಕದ್ದವಳು ಹನ್ನೊಂದೂ ಕದ್ದಿರುತ್ತಾಳೆ, ಸರಿ ತಾನೇ?

ಹರ್ಷವರ್ಧನ್ ಒಂದು ಕಾಗದ ತಂದಿಟ್ಟರು. ಗಿಡಗಳಿಗೆ ಅಳತೆ ಮೀರಿ ನೀರು ಹಾಕಿದ್ದು ನಾನೇ, ಪೂರ್ತಿ ಕೊರತೆಗೆ ನಾನೇ ಕಾರಣ ಎಂದು ಬರೆದಿದೆ. "ಸಹಿ ಮಾಡಿದ್ರೆ ಕಾರಣ ಸಿಕ್ಕ ಹಾಗೆ, ಪ್ರಯೋಗ ಮುಂದುವರಿಯುತ್ತೆ. ನಿಮ್ಮ ಫೈಲಲ್ಲಿ ಒಂದು ಸಣ್ಣ ಷರಾ ಅಷ್ಟೇ. ಆರು ಜನರ ಕೆಲಸ ಉಳಿಯುತ್ತೆ ದಿವ್ಯಾ" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹತ್ತೊಂಬತ್ತರ ಸಂಜೆಯವರೆಗೆ ಸಮಯ ಕೊಟ್ಟಿದ್ದಾರೆ. ಸಹಿ ಆದ ಕೂಡಲೇ ಗಿಡಗಳನ್ನು ಕೀಳುತ್ತಾರೆ. ಏನು ಮಾಡಲಿ?

ದಿವ್ಯಾ

*

ಕಲ್ಲುಗುಂಡಿಕೊಪ್ಪಲು
14 ಅಕ್ಟೋಬರ್ 2025

ದಿವ್ಯಾ,

ಸಹಿ ಹಾಕಿಬಿಡು. ಸಣ್ಣ ಷರಾ ಅಂತಾರಲ್ಲ. ಐದು ಜನರ ನಿಷ್ಠುರ ಕಟ್ಟಿಕೊಂಡು ಆ ಡಬ್ಬಿಯೊಳಗೆ ಇನ್ನೂ ಮೂರು ವಾರ ಹೇಗೆ ಇರುತ್ತೀಯ? ಗಿಡ ಹೋದರೆ ಹೋಯಿತು, ರಾಗಿ ಇಲ್ಲೂ ಬೆಳೆಯುತ್ತದೆ. ಕಾಗದದ ಮೇಲೆ ಏನಿದ್ದರೂ ನೀನು ಏನೆಂದು ನನಗೆ ಗೊತ್ತು.

ಊರಿಗೆ ಬಾ. ಆಮೇಲೆ ನೋಡೋಣ.

ಶಿವಗಂಗಮ್ಮ

*

ಮಂಗಳ ಠಾಣೆ
15 ಅಕ್ಟೋಬರ್ 2025

ಅತ್ತೆ,

ಇದನ್ನು ಬರೆದದ್ದು ನೀವೇನಾ? ಅಕ್ಷರ ನಿಮ್ಮದೇ. ಮಾತು ನಮ್ಮಪ್ಪನದ್ದು.

ಒಂದು ವಿಷಯ ನಿಮಗೆ ಹೇಳಿರಲಿಲ್ಲ. ಬರುವ ವರ್ಷ ಇದೇ ಠಾಣೆಯಲ್ಲಿ ಹತ್ತು ತಿಂಗಳ ಪ್ರಯೋಗ ನಡೆಯುತ್ತದೆ. ನಾನು ಇಲ್ಲಿಗೆ ಬಂದದ್ದೇ ಅದಕ್ಕಾಗಿ. ಬಿತ್ತನೆಯಿಂದ ಕಾಳಿನವರೆಗೆ, ಒಂದು ಬೆಳೆ ಪೂರ್ತಿ, ಇದ್ದಷ್ಟೇ ನೀರಿನಲ್ಲಿ. ಆರು ವರ್ಷದಿಂದ ಇದೊಂದನ್ನೇ ಕಣ್ಣ ಮುಂದಿಟ್ಟುಕೊಂಡಿದ್ದೇನೆ. ನೀರಿನ ವಿಷಯದಲ್ಲಿ ಷರಾ ಬಿದ್ದವರನ್ನು ಅದಕ್ಕೆ ಸೇರಿಸುವುದಿಲ್ಲ. ಸಣ್ಣ ಷರಾ ಎಂದರೆ ಅದು. ಆಗಲೇ ಸಂಭ್ರಮದಿಂದ ಹೇಳಿ, ಆಮೇಲೆ ಸಿಗದಿದ್ದರೆ ನೀವು ನೊಂದುಕೊಳ್ಳುತ್ತೀರಿ ಎಂದು ಮುಚ್ಚಿಟ್ಟೆ.

ಅದು ಹೋದರೂ ಹೋಗಲಿ. ಮಾಡದ್ದನ್ನು ಮಾಡಿದೆ ಎಂದು ಬರೆದುಕೊಡು ಅಂತೀರಲ್ಲ, ಅದು ಹೊಟ್ಟೆ ಉರಿಸುತ್ತದೆ. ನಾನು ಎಂಟು ವರ್ಷದವಳಿದ್ದಾಗ ಮೂರು ಜನ ಗಂಡಸರು ತಮ್ಮ ಬೀದಿಗೆ ಮೊದಲು ನೀರು ಬಿಡು ಎಂದು ನಿಮ್ಮನ್ನು ಸುತ್ತುಗಟ್ಟಿದ್ದರು. ನೀವು ವಾಲ್ವ್ ಕೀ ನೆಲಕ್ಕೂರಿ "ಸರದಿ ಬಂದಾಗ ಬುಡ್ತೀನಿ, ಓಗ್ರಲಾ" ಅಂದಿದ್ದಿರಿ. ಸಂದರ್ಶನದಲ್ಲಿ ನಾನು ಹೆಸರು ಹೇಳಿದ್ದು ಆ ಶಿವಗಂಗಮ್ಮನದ್ದು.

ದಿವ್ಯಾ

*

ಮಂಗಳ ಠಾಣೆ
19 ಅಕ್ಟೋಬರ್ 2025, ಸಂಜೆ

ಅತ್ತೆ,

ನಾಲ್ಕು ದಿನವಾಯಿತು, ನಿಮ್ಮಿಂದ ಒಂದಕ್ಷರವಿಲ್ಲ. ಕೋಪ ಬಂದಿದ್ದರೆ ಬೈದು ಬರೆಯಿರಿ.

ಸಹಿ ಹಾಕಲಿಲ್ಲ. ಆ ಕಾಗದದ ಬೆನ್ನಿಗೆ "ನಾನು ಹಾಕಿದ್ದು ದಿನಕ್ಕೆ ಒಂದೂವರೆ ಲೀಟರ್. ಅದಕ್ಕೆ ಮಾತ್ರ ನನ್ನ ಸಹಿ" ಎಂದು ಬರೆದು ಕೊಟ್ಟೆ. ಹರ್ಷವರ್ಧನ್ ಅದನ್ನು ಹಾಗೇ ಲೇಹ್‌ಗೆ ಕಳಿಸಿದರು. ಇಪ್ಪತ್ತೆರಡರೊಳಗೆ ಬೇರೆ ಕಾರಣ ಸಿಗದಿದ್ದರೆ ಬಾಗಿಲು ತೆಗೆದು ಎಲ್ಲರನ್ನೂ ಹೊರಗೆ ಕರೆಯುತ್ತೇವೆ ಎಂದು ಲೇಹ್‌ನಿಂದ ಉತ್ತರ ಬಂತು. ಈ ಹೊತ್ತು ಊಟದ ಮೇಜಿನಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿ ಇತ್ತು.

ಇವತ್ತು ನೀರು ತುಂಬುವ ಹಬ್ಬ ಅಲ್ಲವೇ? ಲೋಟ ತೊಳೆದು ಅರ್ಧ ತುಂಬಿ ಮುಂದಿಟ್ಟುಕೊಂಡು ಕೂತಿದ್ದೇನೆ.

ದಿವ್ಯಾ

*

ಕಲ್ಲುಗುಂಡಿಕೊಪ್ಪಲು
20 ಅಕ್ಟೋಬರ್ 2025

ಮಗಳೇ,

ಕೋಪವಲ್ಲ, ನಾಚಿಕೆ. ಅದಕ್ಕೇ ಬರೆಯಲಾಗಲಿಲ್ಲ. ನೀನು ಮುಚ್ಚಿಟ್ಟದ್ದನ್ನು ಹೇಳಿದೆಯಲ್ಲ, ಈಗ ನನ್ನದು ಕೇಳು.

ಎರಡು ವರ್ಷದ ಕೆಳಗೆ ಪಂಚಾಯ್ತಿಯಲ್ಲಿ ನನ್ನ ಮುಂದೆಯೂ ಒಂದು ಕಾಗದ ಇಟ್ಟರು. ಊರಿನ ಇನ್ನೂರ ಹನ್ನೆರಡು ಮನೆಗೂ ನಲ್ಲಿಯಲ್ಲಿ ನೀರು ಬರುತ್ತಿದೆ, ವಾಟರ್‌ಮನ್ ಸಹಿ. ಮೇಲಿನ ಬೀದಿಯ ಹತ್ತೊಂಬತ್ತು ಮನೆಗೆ ನಲ್ಲಿ ಕೂರಿಸಿದ್ದರು, ನೀರು ಮಾತ್ರ ಏರುತ್ತಿರಲಿಲ್ಲ. ಪಿಡಿಒ ಒಳ್ಳೆಯ ಮಾತಿನಲ್ಲೇ ಕೇಳಿದರು. "ಒಂದು ಸಹಿ ಅಮ್ಮಾ, ಸುಮ್ನೆ ಲೆಕ್ಕಕ್ಕೆ. ಮುಂದಿನ್ ವರ್ಷ ಆ ಬೀದಿಗೆ ಬೇರೆ ಪೈಪ್ ಹಾಕ್ಸೋಣ." ಹಾಕಿದೆ. ಎಲ್ಲ ಮನೆಗೂ ನೀರು ಬಂದಾಗಿದೆ ಎಂದು ಕಾಗದವೇ ಹೇಳಿದ ಮೇಲೆ ಯಾರು ಪೈಪು ಹಾಕುತ್ತಾರೆ? ಕೇಳಲು ಹೋದವರಿಗೆಲ್ಲ ನನ್ನ ಸಹಿ ತೋರಿಸುತ್ತಾರೆ.

ಮೇಲಿನ ಬೀದಿಯ ಹೆಂಗಸರು ಈಗಲೂ ಬಿಂದಿಗೆ ಹೊತ್ತು ಕೈಪಂಪಿಗೆ ಬರುತ್ತಾರೆ. ನಾನು ವಾಲ್ವ್ ತಿರುಗಿಸುವ ಹೊತ್ತಿಗೇ ಎದುರಿಗೆ ಹಾಯುತ್ತಾರೆ. ಎರಡು ವರ್ಷದಿಂದ ತಲೆ ಬಗ್ಗಿಸಿ ಕೀ ತಿರುಗಿಸುತ್ತಿದ್ದೇನೆ. ಗ್ರಾಮಸಭೆಗೆ ಹೋಗದೆ ಉಳಿದದ್ದು ಕಾಲು ನೋವಿಗಲ್ಲ. ಮೇಲಿನ ಬೀದಿಯ ಸಣ್ಣಯ್ಯ ಸಭೆಯಲ್ಲಿ ಎದ್ದು ನಿಂತು ನನ್ನನ್ನೇ ಕೇಳುತ್ತೇನೆ ಎಂದಿದ್ದ. ನಿನಗೆ ಸಹಿ ಹಾಕು ಎಂದದ್ದೂ ಅದಕ್ಕೇ. ನೀನು ಹಾಕದೆ ನಿಂತರೆ ನಾನು ಎಂಥವಳು ಎಂದು ನನಗೇ ತಿಳಿದುಬಿಡುತ್ತಿತ್ತು.

ನಿನ್ನ ಕಾಗದ ಓದಿ ಮೂರು ದಿನ ಅನ್ನ ಸೇರಲಿಲ್ಲ. ನಿನ್ನೆ ಹಬ್ಬ. ಮಧ್ಯಾಹ್ನದಿಂದಲೇ ಊರೆಲ್ಲ ಹಂಡೆ ತಿಕ್ಕಿ, ಸುಣ್ಣ ಬಳಿದು, ಕೆಮ್ಮಣ್ಣಿನ ಪಟ್ಟೆ ಎಳೆದು ನೀರಿಗೆ ಕಾಯುತ್ತಿತ್ತು. ನಾಲ್ಕು ಗಂಟೆಗೆ ಹೋದವಳೇ ಕೆಳಗಿನ ಮೂರು ಬೀದಿಯ ವಾಲ್ವನ್ನೂ ಮುಚ್ಚಿ, ಮೇಲಿನ ಬೀದಿಯದ್ದು ಪೂರ್ತಿ ತೆಗೆದೆ. ಕೆಳಗೆ ಮುಚ್ಚಿದರೆ ಮೇಲೆ ಏರುತ್ತದೆ. ಅಷ್ಟೇ ಇರುವುದು. ಎರಡು ವರ್ಷ ಗೊತ್ತಿತ್ತು ನನಗೆ.

ಪರಮೇಶ್ ಓಡಿಬಂದ. "ಅಕ್ಕಾ, ನಮ್ಮನೆ ಹಂಡೆ ಖಾಲಿ ಐತೆ ಕಣಕ್ಕಾ! ಅಬ್ಬದ್ ದಿನ ಇಂಗಾ ಮಾಡಾದು?" ಅಂದ. "ಅವ್ರ ಅಂಡೇನೂ ಖಾಲಿ ಐತೆ ಕಣ್ಲಾ, ಎಲ್ಡು ವರ್ಸದಿಂದ" ಅಂದು ಕೀ ಹೆಗಲ ಮೇಲೆ ಹಾಕಿಕೊಂಡೆ. ಎರಡು ಗಂಟೆ ಹೊತ್ತು ಅಲ್ಲೇ ಕಲ್ಲಿನ ಮೇಲೆ ಕೂತೆ. ಹತ್ತೊಂಬತ್ತು ಹಂಡೆಯೂ ತುಂಬಿದ ಮೇಲೆ ಕೆಳಗಿನ ಬೀದಿಗೆ ಬಿಟ್ಟೆ.

ಈಗ ನಿನ್ನ ವಿಷಯ. ಕನ್ನಡಕ ಹಾಕಿಕೊಂಡು ನಿನ್ನ ಎಲ್ಲ ಕಾಗದವನ್ನೂ ಮತ್ತೆ ಓದಿದೆ. ಇಲ್ಲಿ ಕಾಗೆ ಇಲ್ಲ ಎಂದು ಹನ್ನೆರಡನೇ ತಾರೀಕು ಬರೆದಿದ್ದೀಯ. ಮೊದಲ ಕಾಗದ ತೆಗೆದು ನೋಡು. ನಾಲ್ಕು ಕಾಗೆ, ಹಳದಿ ಕೊಕ್ಕು, ಹನ್ನೊಂದು ಗಂಟೆ, ಎರಡು ದಿನವೂ ಅದೇ ಹೊತ್ತು. ಮರವಿಲ್ಲ, ಮನೆಯಿಲ್ಲ, ಎಂಜಲಿಲ್ಲ. ಹಿಂಬದಿಗೆ ಅವು ಯಾವ ಸೌಭಾಗ್ಯಕ್ಕೆ ಹೋಗುತ್ತವೆ?

ಹೋಗಿ ನೋಡು.

ಅತ್ತೆ

*

ಮಂಗಳ ಠಾಣೆ
23 ಅಕ್ಟೋಬರ್ 2025

ಅತ್ತೆ,

ನಿಮ್ಮ ಕಾಗದ ಇಪ್ಪತ್ತೊಂದರ ಬೆಳಿಗ್ಗೆ ಸಿಕ್ಕಿತು. ಆ ಕಾಗೆಗಳು ಒಂದು ದಿನವೂ ತಪ್ಪಿಸಿರಲಿಲ್ಲ. ಮೂವತ್ತು ದಿನ ನನ್ನ ತಲೆಯ ಮೇಲೇ ಹಾರಿದ್ದವು. ನೋಡಬಾರದು ಎಂದುಕೊಂಡು ನೋಡದೆ, ಕೊನೆಗೆ ಇಲ್ಲವೇ ಇಲ್ಲ ಎಂದು ನಿಮಗೆ ಬರೆದೂಬಿಟ್ಟಿದ್ದೆ.

ತಿಂಡಿಯ ಹೊತ್ತಿಗೆ ಎಲ್ಲರ ಮುಂದೆ ಹೇಳಿದೆ. ಹರ್ಷವರ್ಧನ್ ಚಮಚ ಕೆಳಗಿಟ್ಟರು. "ದಿವ್ಯಾ, ಕಾಗೆ ಅಂದ ತಕ್ಷಣ ನಾವು ಮಂಗಳದಲ್ಲಿ ಇರಲ್ಲ. ಗೊತ್ತಲ್ವಾ?"

"ನಮ್ಮ ನೀರು ಆಗಲೇ ಅಲ್ಲಿಂದ ಹೊರಟುಬಿಟ್ಟಿದೆ ಸರ್. ನಾನು ಅದರ ಹಿಂದೆ ಹೋಗ್ತೀನಿ" ಅಂದೆ.

ಒಬ್ಬರೇ ಹೊರಗೆ ಹೋಗುವಂತಿಲ್ಲ. ನಾನು ಉಡುಪು ಏರಿಸುತ್ತಿದ್ದಾಗ ಪಕ್ಕಕ್ಕೆ ಬಂದು ಹೆಲ್ಮೆಟ್ ಎತ್ತಿಕೊಂಡವರು ಯಾರು ಗೊತ್ತೇ? ನಿಧಿ. ಕ್ಷಮೆ ಗಿಮೆ ಏನೂ ಕೇಳಲಿಲ್ಲ. "ಹನ್ನೊಂದಕ್ಕೆ ಐದು ನಿಮಿಷ ಇದೆ, ಬೇಗ" ಅಂದರು, ಅಷ್ಟೇ.

ಠಾಣೆಯ ಹಿಂದೆ ಟ್ಯಾಂಕಿನ ಪೆಟ್ಟಿಗೆಗೂ ನಾವಿರುವ ಗುಮ್ಮಟಕ್ಕೂ ನಡುವೆ ಎರಡು ಮಾರು ಪೈಪು ಇದೆ. ಅದಕ್ಕೆ ಕಪ್ಪು ಹೊದಿಕೆ. ಆ ಕಡೆಗೆ ಕಿಟಕಿಯಿಲ್ಲ, ನಮ್ಮ ದಾರಿಯೂ ಅಲ್ಲ. ಅಲ್ಲಿ ನಾಲ್ವರೂ ಕೂತಿದ್ದರು, ಕಾಗೆರಾಯರು. ಹೊದಿಕೆಯ ಕೆಳಗೆ ಸಣ್ಣ ಹಳ್ಳ, ಅದರ ಸುತ್ತ ಹಿಮದ ಅಂಚು. ಸೋರಿದ ನೀರು ಇಳಿಹೊತ್ತಿಗೆ ಮರಳಿನಲ್ಲೇ ಹೆಪ್ಪುಗಟ್ಟಿ, ಬಿಸಿಲು ಬಿದ್ದ ಮೇಲೆ ಹನ್ನೊಂದಕ್ಕೆ ಕರಗುತ್ತದೆ. ಅವಕ್ಕೆ ಗಂಟೆ ಗೊತ್ತು. ನಮ್ಮನ್ನು ನೋಡಿ ಹಾರಲಿಲ್ಲ, ಒಂದು ಹೆಜ್ಜೆ ಸರಿದು ಜಾಗ ಕೊಟ್ಟವು. ಪೈಪಿನ ಜೋಡಣೆ ಬಿಗಿಯುವ ಕ್ಲಾಂಪು ಸಡಿಲವಾಗಿತ್ತು, ಅದಿದ್ದದ್ದು ಟ್ಯಾಂಕಿಗೂ ನಾವು ಮುಚ್ಚುವ ವಾಲ್ವಿಗೂ ನಡುವೆ. ಅದಕ್ಕೇ ಒಳಗೆ ಎಷ್ಟು ಮುಚ್ಚಿದರೂ ಸೋರುತ್ತಿತ್ತು. ಬಿಗಿದೆ. ಹೆಲ್ಮೆಟ್ಟಿನೊಳಗೇ ಅತ್ತುಬಿಟ್ಟೆ. ಒರೆಸಿಕೊಳ್ಳಲು ಆಗಲಿಲ್ಲ, ಅದೊಂದು ಫಜೀತಿ.

ಠಾಣೆಯ ದಾಖಲೆ ಪುಸ್ತಕದಲ್ಲಿ ನಾನೇ ಬರೆದೆ. "ದಿನ 32. ಪ್ರತಿದಿನ ಹನ್ನೊಂದಕ್ಕೆ ನಾಲ್ಕು ಕಾಗೆಗಳು ಠಾಣೆಯ ಹಿಂದೆ ಇಳಿಯುತ್ತಿದ್ದುದನ್ನು ಅನುಸರಿಸಿ ಸೋರಿಕೆ ಪತ್ತೆಯಾಯಿತು. ಈ ವಿಧಾನ ಕಲಿಸಿದವರು: ಶಿವಗಂಗಮ್ಮ, ವಾಟರ್‌ಮನ್, ಕಲ್ಲುಗುಂಡಿಕೊಪ್ಪಲು."

ಇಪ್ಪತ್ತು ನಿಮಿಷ, ಮತ್ತೆ ಇಪ್ಪತ್ತು ನಿಮಿಷ. ಲೇಹ್‌ನಿಂದ ಅಭಿನಂದನೆ ಬಂತು, ಜೊತೆಗೆ ಒಂದು ಸೂಚನೆ. ಕಾಗೆಯ ಮಾತು ತೆಗೆದು "ನಿಯಮಿತ ತಪಾಸಣೆಯಲ್ಲಿ ಪತ್ತೆ" ಎಂದು ತಿದ್ದಿದರೆ ನಲವತ್ತೈದು ದಿನವೂ ಪೂರ್ಣ, ನನ್ನ ಷರಾ ಇಲ್ಲ, ಹತ್ತು ತಿಂಗಳ ಪಟ್ಟಿಯಲ್ಲಿ ನನ್ನ ಹೆಸರು ಇರುತ್ತದೆ. ತಿದ್ದದಿದ್ದರೆ ಮೂವತ್ತೆರಡನೇ ದಿನಕ್ಕೆ ಪ್ರಯೋಗ ಮುರಿದಂತೆ. ಉಳಿದ ದಿನ ಇಲ್ಲೇ ಇರಬಹುದು, ಲೆಕ್ಕಕ್ಕಿಲ್ಲ.

ನಿಮ್ಮ ಕಾಗದ ಓದದೇ ಇದ್ದಿದ್ದರೆ ತಿದ್ದುತ್ತಿದ್ದೆನೇನೋ. ಒಂದು ಪದ ತಾನೇ ಅಂದುಕೊಂಡು. ಆದರೆ ನಿಜವಾದ ಮಂಗಳಕ್ಕೆ ಹೋಗುವವರು ಈ ಪುಸ್ತಕ ಓದಿ ಕಲಿಯುತ್ತಾರೆ. ತಪಾಸಣೆ ಮಾಡಿ ಹಿಡಿದೆವು ಎಂದು ಬರೆದರೆ ನಮ್ಮ ತಪಾಸಣೆ ಚೆನ್ನಾಗಿದೆ ಎಂದು ನಂಬುತ್ತಾರೆ. ಅದು ಚೆನ್ನಾಗಿಲ್ಲ. ಅವರಿಗೆ ಅಲ್ಲಿ ಕಾಗೆಯೂ ಸಿಗುವುದಿಲ್ಲ. ತಿದ್ದುವುದಿಲ್ಲ ಎಂದು ಉತ್ತರ ಬರೆದೆ.

ಮಿಕ್ಕವರನ್ನೂ ಕೇಳಬೇಕಿತ್ತಲ್ಲ, ಕೇಳಿದೆ. ಇಬ್ಬರು ಬೈದರು. ಅವರ ಕೋಪ ನ್ಯಾಯವೇ. ಹರ್ಷವರ್ಧನ್ ಪುಸ್ತಕ ತಮ್ಮ ಕಡೆಗೆ ಎಳೆದುಕೊಂಡು ನನ್ನ ಬರಹದ ಕೆಳಗೆ ಬರೆದರು. "ಕಮಾಂಡರ್ ಕೂಡ ಕಾಗೆಗಳನ್ನು ನೋಡಿದ್ದಾರೆ. ಮೊದಲ ದಿನದಿಂದ." ಸಹಿ ಹಾಕಿದರು. ಆಮೇಲೆ "ನಮ್ಮಜ್ಜಿ ಇದ್ದಿದ್ರೆ ನನಗೆ ಚೆನ್ನಾಗಿ ಉಗೀತಿದ್ರು" ಅಂದರು. ಹೊಳೆನರಸೀಪುರದವರನ್ನು ಇನ್ನು ಮುಂದೆ ಅಷ್ಟೊಂದು ಆಡಿಕೊಳ್ಳಬೇಡಿ.

ನಿಮ್ಮ ಆ ಸಹಿಯ ವಿಷಯ. ಹದಿನೈದರಂದು ನಾನು ಬರೆದದ್ದಕ್ಕೆ ಬೇಜಾರಾಗಿದೆ. ಆದರೆ ವಾಪಸ್ಸು ತೆಗೆದುಕೊಳ್ಳುವುದಿಲ್ಲ, ಯಾಕೆಂದರೆ ಆ ಶಿವಗಂಗಮ್ಮ ಮೊನ್ನೆ ಸಂಜೆ ಕಲ್ಲಿನ ಮೇಲೆ ಕೂತಿದ್ದರಲ್ಲ.

ದಿವ್ಯಾ

*

ಕಲ್ಲುಗುಂಡಿಕೊಪ್ಪಲು
29 ಅಕ್ಟೋಬರ್ 2025

ದಿವ್ಯಾ,

ನಿನ್ನ ಕಾಗದವನ್ನು ಸಣ್ಣಯ್ಯನ ಜಗುಲಿಯಲ್ಲಿ ಓದಿ ಹೇಳಿದೆ. ಪುಸ್ತಕದಲ್ಲಿ ನನ್ನ ಹೆಸರು ಬಂತಲ್ಲ, ಆ ಸಾಲನ್ನು ಎರಡು ಸಲ ಓದಿಸಿದರು. ಮೂರನೇ ಸಲ ನಾನೇ ಓದಿದೆ, ಯಾರೂ ಕೇಳದಿದ್ದರೂ.

ಇಲ್ಲಿ ಎಲ್ಲ ಸರಿಯಾಗಿಲ್ಲ. ಇನ್ನು ಮೇಲೆ ಹಾಗೆಂದು ಬರೆಯುವುದಿಲ್ಲ.

ಸೋಮವಾರ ಪಂಚಾಯ್ತಿಗೆ ಹೋಗಿ ಅರ್ಜಿ ಕೊಟ್ಟೆ. ನನ್ನ ಕೈಬರಹದಲ್ಲೇ. "ಎರಡು ವರ್ಷದ ಹಿಂದೆ ನಾನು ಹಾಕಿದ ಸಹಿ ಸುಳ್ಳು. ಮೇಲಿನ ಬೀದಿಯ ಹತ್ತೊಂಬತ್ತು ಮನೆಗೆ ನೀರು ಬಂದಿಲ್ಲ. ಬೇರೆ ಪೈಪು ಹಾಕಿದರೆ ಮಾತ್ರ ಬರುತ್ತದೆ." ಪಿಡಿಒ ಓದಿ ಬಾಗಿಲು ಮುಂದೆ ಮಾಡಿದರು. "ಅಮ್ಮಾ, ಇದನ್ನ ತಗೊಂಡ್ರೆ ಮೊದಲು ನಿಮ್ಮ ಕೆಲಸ ಹೋಗುತ್ತೆ. ಹರಿದು ಹಾಕ್ತೀನಿ, ಮನೆಗೆ ಹೋಗಿ." ನಾನು "ಅರೀರಿ ಸಾ. ಇನ್ನೆಲ್ಡು ಬರ್ಕಂಡು ಬಂದಿವ್ನಿ" ಅಂದು ಸೆರಗಿನಿಂದ ತೆಗೆದು ತೋರಿಸಿದೆ. ಮುದ್ರೆ ಒತ್ತಿ ಒಂದು ಪ್ರತಿ ಕೊಟ್ಟರು.

ಮಾರನೇ ದಿನವೇ ನೋಟೀಸು ಬಂತು. ಹಬ್ಬದ ದಿನ ಅನುಮತಿಯಿಲ್ಲದೆ ನೀರು ನಿಲ್ಲಿಸಿದ್ದಕ್ಕೆ, ಸುಳ್ಳು ಸಹಿ ಹಾಕಿದ್ದಕ್ಕೆ. ನೋಡು, ಸುಳ್ಳು ಸಹಿ ಎಂದು ಈಗ ಅವರೇ ಬರೆದುಕೊಟ್ಟಂತಾಯಿತು! ಏಳನೇ ತಾರೀಕು ಶುಕ್ರವಾರ ಹನ್ನೊಂದು ಗಂಟೆಗೆ ವಾಲ್ವ್ ಕೀ ತಂದೊಪ್ಪಿಸಬೇಕಂತೆ. ಇಪ್ಪತ್ತು ವರ್ಷ ಹೆಗಲ ಮೇಲಿದ್ದದ್ದು. ಹೆದರಿಕೆ ಇಲ್ಲ ಎಂದರೆ ಸುಳ್ಳಾಗುತ್ತದೆ. ಕೆಲಸ ಹೋದರೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕೆಂದು ನನಗೆ ತಿಳಿಯುವುದಿಲ್ಲ.

ಮೇಲಿನ ಬೀದಿಯವರಿಗೆ ದಿನ ಬಿಟ್ಟು ದಿನ ಎರಡು ಗಂಟೆ ಬಿಡುತ್ತಿದ್ದೇನೆ. ಕೀ ನನ್ನ ಕೈಯಲ್ಲಿರುವಷ್ಟು ದಿನ ಬಿಡುತ್ತೇನೆ. ನಿನ್ನೆ ಸಣ್ಣಯ್ಯನ ಹೆಂಡತಿ ಬಿಂದಿಗೆ ಸೊಂಟಕ್ಕಿಟ್ಟುಕೊಂಡು ಎದುರಿಗೇ ಬಂದಳು. ತಲೆಯೆತ್ತಿ ನೋಡಿದೆ. ಅವಳು ನಗಲಿಲ್ಲ, ಬೈಯಲೂ ಇಲ್ಲ. "ನಾಳೆ ನಮ್ ಸರದಿ ಅಲ್ವಾ?" ಎಂದು ಕೇಳಿದಳು. "ಊಂ ಕಣವ್ವ, ನಿಮ್ದೇಯ" ಅಂದೆ.

ನಿನ್ನ ಪಟ್ಟಿ ಏನಾಯಿತು?

ಅತ್ತೆ

*

ಲೇಹ್
4 ನವೆಂಬರ್ 2025

ಅತ್ತೆ,

ನಿನ್ನೆ ಬಾಗಿಲು ತೆಗೆದರು. ಹೆಲ್ಮೆಟ್ಟಿಲ್ಲದೆ ಹೊರಗೆ ಬಂದು ಮೊದಲು ಹಿಂಬದಿಗೆ ಹೋದೆ. ಪೈಪಿನ ಕೆಳಗೆ ಮರಳು ಒಣಗಿತ್ತು. ಹನ್ನೊಂದಕ್ಕೆ ನಾಲ್ಕೂ ಬಂದವು, ನೀರಿಲ್ಲದ್ದು ನೋಡಿ ನನ್ನ ಮೇಲೆ ಕೂಗಾಡಿದವು. ನನ್ನ ಪಾಲಿನ ಕೊನೆಯ ಲೋಟವನ್ನು ಒಂದು ತಟ್ಟೆಗೆ ಸುರಿದಿಟ್ಟೆ.

ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ಹರ್ಷವರ್ಧನ್ ಹೆಸರೂ ಇಲ್ಲ. ಇವತ್ತು ಬೆಳಿಗ್ಗೆ ಹೊಸ ಅರ್ಜಿ ಕೊಟ್ಟು ಬಂದೆ, ಹಳೆಯ ದಾಖಲೆಯ ಪ್ರತಿ ಲಗತ್ತಿಸಿ. ವಿಶೇಷ ಪರಿಣತಿ ಎಂದು ಕೇಳಿದ ಕಡೆ "ಕಾಗೆ ನೋಡುವುದು" ಎಂದು ಬರೆದಿದ್ದೇನೆ. ಎಷ್ಟು ಸಲ ತಿರಸ್ಕರಿಸುತ್ತಾರೋ ಅಷ್ಟು ಸಲ ಕೊಡುತ್ತೇನೆ. ನೀವು ಬರೆದುಕೊಂಡು ಹೋಗಿದ್ದೀರಲ್ಲ ಮೂರು ಪ್ರತಿ, ಹಾಗೆ.

ಗುರುವಾರ ಸಂಜೆ ಚನ್ನರಾಯಪಟ್ಟಣದಿಂದ ಬರುವ ಬಸ್ಸಿಗೆ ನುಗ್ಗೇಹಳ್ಳಿಯಲ್ಲಿ ಇಳಿಯುತ್ತೇನೆ. ಶುಕ್ರವಾರ ಹನ್ನೊಂದು ಗಂಟೆಗೆ ಪಂಚಾಯ್ತಿಗೆ ಇಬ್ಬರೂ ಹೋಗೋಣ. ಮೇಲಿನ ಬೀದಿಯ ಹತ್ತೊಂಬತ್ತು ಮನೆಯವರನ್ನೂ ಬರಹೇಳಿ, ಬಿಂದಿಗೆ ಸಮೇತ.

ಕೀ ಕೊಡಬೇಡಿ. ಹೊರಲು ನಾನು ಬರುತ್ತಿದ್ದೇನೆ.

ದಿವ್ಯಾ